ಪದವಿಚಾರ: ಇಂಗ್ಲಿಷಿನ ದಶಕಗಳು ಜರ್ಮನ್ ಭಾಷೆಯಲ್ಲಿ

ಭಾಷಾಂತರವೆಂದರೆ ಕಠಿನ ಪದಗಳಿಗೆ ಅರ್ಥವನ್ನು ಹುಡುಕುವ ಕೆಲಸವೆಂದು ಜನರು ಸಾಮಾನ್ಯವಾಗಿ ಭಾವಿಸುತ್ತಾರೆ. ವಿಚಾರಮಾಡಿ ನೋಡಿದರೆ ಕಠಿನ ಪದಗಳು ಭಾಷಾಂತರಕಾರನನ್ನು ಅಷ್ಟಾಗಿ ಕೆಡಿಸವು. ಅಲ್ಲಿ ಅವನು ಎಚ್ಚರದಿಂದಿರುತ್ತಾನೆ, ನಿಘಂಟನ್ನು ತೆರೆಯುತ್ತಾನೆ, ಬಲ್ಲವರನ್ನು ಕೇಳುತ್ತಾನೆ. ಅವನನ್ನು ಕೆಡಿಸತಕ್ಕವು ಸುಲಭವಾದ ಪದಗಳು. ಇಪ್ಪತ್ತು, ಮೂವತ್ತು, ನಲವತ್ತು ಎಂಬ ಸಂಖ್ಯೆಗಳಿಗಿಂತ ಸುಲಭವಾದುದು ಯಾವುದು? ಒಂದನೆಯ ತರಗತಿಯ ಮಗುವೂ ಅವನ್ನು ಒಪ್ಪಿಸಬಲ್ಲುದು. ಆದರೆ ಈ ಸಂಖ್ಯೆಗಳಿಂದ ಇಂಗ್ಲಿಷರು ಕಟ್ಟಿಕೊಂಡಿರುವ ಮಾತುಗಳನ್ನು ಜರ್ಮನ್ ಭಾಷೆಗೆ ತರುವಾಗ ನುರಿತವರೂ ಎಡವುವುದುಂಟು. ಈ ತಿಂಗಳು ಆ ವಿಚಾರವನ್ನು ಕೊಂಚ ನೋಡೋಣ.

ಇದು ನಮಗೇಕೆಂದು ಕೆಲವು ಗೃಹಸ್ಥರು ಕೇಳಬಹುದು. ಇಂದು ನಮ್ಮ ಮನೆಗಳ ಮಕ್ಕಳು ಅನೇಕರು ವ್ಯಾಸಂಗಕ್ಕೂ ಉದ್ಯೋಗಕ್ಕೂ ಜರ್ಮನಿಗೆ ಹೋಗುತ್ತಿದ್ದಾರೆ. ಹೋಗುವುದಕ್ಕೆ ಮೊದಲು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ ಆ ಭಾಷೆಯನ್ನು ಕಲಿಯುತ್ತಾರೆ. ಇಂಗ್ಲಿಷಿನಲ್ಲಿ ಯೋಚಿಸಿ ಜರ್ಮನ್ನಿನಲ್ಲಿ ಬರೆಯುವ ಈ ಅಭ್ಯಾಸದಿಂದಲೇ ಮುಂದೆ ಹೇಳಲಿರುವ ತೊಡಕುಗಳು ಹುಟ್ಟುತ್ತವೆ. ಆ ಭಾಷೆಯ ಗಂಧವಿಲ್ಲದವರಿಗೂ ಇದರಿಂದ ಒಂದು ಪ್ರಯೋಜನವುಂಟು. ಕಾಲವನ್ನು ಹೇಳುವ ಮಾತು ಎಷ್ಟು ಜವಾಬ್ದಾರಿಯ ಮಾತೆಂಬುದು ಮನಸ್ಸಿಗೆ ಬರುತ್ತದೆ.

ಮೊದಲು ಈ ಎರಡು ಭಾಷೆಗಳ ನಂಟನ್ನು ತಿಳಿಯಬೇಕು. ಇಂಗ್ಲಿಷೂ ಜರ್ಮನ್ನೂ ಒಂದೇ ತಾಯಿಯ ಮಕ್ಕಳು; ಸಂಸ್ಕೃತವು ಅವುಗಳಿಗೆ ದೂರದ ದೊಡ್ಡಮ್ಮನಂತಿದೆ. ಸಂಸ್ಕೃತದ ದಶ ಇಂಗ್ಲಿಷಿನಲ್ಲಿ ಟೆನ್, ಜರ್ಮನ್ನಿನಲ್ಲಿ ತ್ಸೇನ್. ದ್ವಿ ಎಂಬುದು ಟೂ, ತ್ಸ್ವೈ. ದಂತವೆಂಬುದು ಟೂತ್, ತ್ಸಾನ್. ದಕಾರವು ಟಕಾರವಾಗಿ, ಟಕಾರವು ತ್ಸಕಾರವಾಗಿ ಕ್ರಮತಪ್ಪದೆ ಮಾರ್ಪಟ್ಟಿರುವುದನ್ನು ನೋಡಿರಿ. ಈ ಕ್ರಮವನ್ನು 1822 ರಲ್ಲಿ ತನ್ನ ವ್ಯಾಕರಣದಲ್ಲಿ ವಿಸ್ತಾರವಾಗಿ ನಿರೂಪಿಸಿದವನು ಯಾಕೋಬ್ ಗ್ರಿಮ್. ಮಕ್ಕಳ ಕಥೆಗಳಿಂದ ಪ್ರಸಿದ್ಧರಾದ ಗ್ರಿಮ್ ಸಹೋದರರಲ್ಲಿ ಹಿರಿಯವನು. ಟ್ವೆಂಟಿ ಎಂಬುದರ ಕೊನೆಯ ‘ಟಿ’, ಅದೇ ಅರ್ಥದ ತ್ಸ್ವಾನ್ತ್ಸಿಗ್ ಎಂಬುದರ ಕೊನೆಯ ‘ತ್ಸಿಗ್’ ಎರಡೂ ಹತ್ತೆಂಬ ಅರ್ಥದವೇ. ಇನ್ನೊಂದು ಸ್ವಾರಸ್ಯವಿದೆ. ನಾವು ಇಪ್ಪತ್ತೊಂದು ಎನ್ನುವಾಗ ಹತ್ತುಗಳನ್ನು ಮೊದಲು ಹೇಳಿ ಬಿಡಿಯನ್ನು ಆಮೇಲೆ ಹೇಳುತ್ತೇವೆ. ಸಂಸ್ಕೃತವು ಏಕವಿಂಶತಿ ಎಂದು ಬಿಡಿಯನ್ನೇ ಮೊದಲು ಹೇಳುತ್ತದೆ. ಜರ್ಮನರು ಇಂದಿಗೂ ಆ ಪದ್ಧತಿಯನ್ನೇ ಹಿಡಿದು ‘ಒಂದೂ ಇಪ್ಪತ್ತೂ’ ಎಂದೇ ಎಣಿಸುತ್ತಾರೆ.

ಇಷ್ಟು ಹತ್ತಿರದ ನಂಟಿರುವುದರಿಂದಲೇ ಮೋಸಹೋಗುವ ಅವಕಾಶವೂ ಹೆಚ್ಚು. ಇಂಗ್ಲಿಷಿನವನು ‘ಥರ್ಟಿ’ ಎಂಬುದಕ್ಕೆ ಬಹುವಚನ ಪ್ರತ್ಯಯವನ್ನು ಹಚ್ಚಿ ‘ಥರ್ಟೀಸ್’ ಎಂದುಬಿಡುತ್ತಾನೆ. ಆ ಒಂದೇ ಪದದಿಂದ ಅವನು ಮೂರು ಕೆಲಸಗಳನ್ನು ಮಾಡಿಸಿಕೊಳ್ಳುತ್ತಾನೆ. ಶತಮಾನದ ಮೂವತ್ತರಿಂದ ಮೂವತ್ತೊಂಬತ್ತರ ವರೆಗಿನ ವರ್ಷಗಳು ಒಂದು ಅರ್ಥ. ಮನುಷ್ಯನ ಆಯುಸ್ಸಿನಲ್ಲಿ ಅದೇ ಅಳತೆಯ ವಯಸ್ಸು ಎರಡನೆಯ ಅರ್ಥ. ಉಷ್ಣತೆಯೋ ಪರೀಕ್ಷೆಯ ಅಂಕವೋ ಆ ಹತ್ತರೊಳಗೆ ಎಲ್ಲಿಯೋ ಇದೆಯೆಂಬುದು ಮೂರನೆಯ ಅರ್ಥ. ಜರ್ಮನ್ ಭಾಷೆಯಲ್ಲಿ ಈ ಮೂರಕ್ಕೂ ಬೇರೆ ಬೇರೆ ದಾರಿಗಳಿವೆ.

ವರ್ಷಗಳ ವಿಷಯವನ್ನು ಮೊದಲು ತೆಗೆದುಕೊಳ್ಳೋಣ. ಜರ್ಮನ್ನರು ಸಂಖ್ಯೆಗೆ ‘ಅರ್’ ಎಂಬ ಪ್ರತ್ಯಯವನ್ನು ಸೇರಿಸಿ, ಅದರ ಮುಂದೆ ವರ್ಷಗಳೆಂಬ ಅರ್ಥದ ‘ಯಾರೆ’ ಪದವನ್ನಿಡುತ್ತಾರೆ: ‘ತ್ಸ್ವಾನ್ತ್ಸಿಗರ್ ಯಾರೆ’, ಅಂದರೆ ಇಪ್ಪತ್ತರ ವರ್ಷಗಳು. ನಮ್ಮ ‘ಇಪ್ಪತ್ತರ ದಶಕ’ ಎಂಬ ಮಾತಿಗೆ ಇದು ಇಂಗ್ಲಿಷಿಗಿಂತ ಹೆಚ್ಚು ಹತ್ತಿರವಾಗಿದೆಯಲ್ಲವೆ? ಬರ್ಲಿನ್ ಎಂಬುದರಿಂದ ‘ಬರ್ಲಿನರ್’ ಎಂಬ ವಿಶೇಷಣ ಬರುವಂತೆಯೇ ಇದೂ ಬರುತ್ತದೆ. ಜರ್ಮನ್ ಭಾಷೆಯ ವಿಶೇಷಣಗಳು ನಮ್ಮ ಸಂಸ್ಕೃತದವುಗಳಂತೆ ಲಿಂಗವಚನವಿಭಕ್ತಿಗಳನ್ನು ಅನುಸರಿಸಿ ರೂಪ ಬದಲಾಯಿಸತಕ್ಕವು. ಆದರೆ ಈ ‘ಅರ್’ ಪ್ರತ್ಯಯಾಂತವು ಅವ್ಯಯದಂತೆ ಹಾಗೆಯೇ ನಿಲ್ಲುತ್ತದೆ. ವಿಭಕ್ತಿ ಕಲಿತ ಉತ್ಸಾಹದಲ್ಲಿ ವಿದ್ಯಾರ್ಥಿಗಳು ಇದಕ್ಕೂ ಪ್ರತ್ಯಯ ಹಚ್ಚುವುದು ಸಾಮಾನ್ಯವಾದ ತಪ್ಪು. ಎರಡು ಪದಗಳನ್ನು ಬಿಡಿಸಿ ಬರೆದರೂ ಕೂಡಿಸಿ ಬರೆದರೂ ಈಗಿನ ನಿಯಮದಂತೆ ಸಾಧುವೇ.

ಇಲ್ಲಿಯೇ ಇನ್ನೊಂದು ಸೂಕ್ಷ್ಮವನ್ನು ಹೇಳಿಬಿಡುತ್ತೇನೆ. ಇಂಗ್ಲಿಷಿನ ‘ಟ್ವೆಂಟೀಸ್’ ಎಂಬುದನ್ನು ‘ಶತಮಾನದ ಮೂರನೆಯ ದಶಕ’ ಎಂದು ಜರ್ಮನ್ನಿನಲ್ಲಿ ಬರೆದರೆ ಸೊಗಸಾಗಿ ಕಾಣುತ್ತದೆ. ಆದರೆ ಎರಡೂ ಸಂಪೂರ್ಣವಾಗಿ ಒಂದೇ ಅಲ್ಲ. ಕ್ರಿಸ್ತಶಕದಲ್ಲಿ ಸೊನ್ನೆಯ ವರ್ಷವಿಲ್ಲ. ಆದುದರಿಂದ ಶತಮಾನವು ಒಂದನೆಯ ವರ್ಷದಿಂದ ಮೊದಲಾಗುತ್ತದೆ. ಇಪ್ಪತ್ತನೆಯ ಶತಮಾನದ ಮೂರನೆಯ ದಶಕವು 1921 ರಿಂದ 1930 ರ ವರೆಗೆ. ‘ಟ್ವೆಂಟೀಸ್’ ಎಂಬುದಾದರೋ 1920 ರಿಂದ 1929 ರ ವರೆಗೆ. ಕನ್ನಡದಲ್ಲಿಯೂ ‘ಅರವತ್ತರ ದಶಕ’ ಎನ್ನಬೇಕಾದಲ್ಲಿ ‘ಆರನೆಯ ದಶಕ’ ಎಂದು ಬರೆಯುವವರಿದ್ದಾರೆ. ಅದು ಒಂದು ವರ್ಷದ ತಪ್ಪಲ್ಲ, ಹತ್ತು ವರ್ಷದ ತಪ್ಪು. ಆರನೆಯ ದಶಕವೆಂದರೆ ಐವತ್ತರ ದಶಕ.

2000 ದಿಂದ 2009 ರ ವರೆಗಿನ ವರ್ಷಗಳಿಗೆ ಹೆಸರಿಡುವಾಗ ಎರಡು ಭಾಷೆಗಳೂ ತಡವರಿಸಿದವು. ಇಂಗ್ಲಿಷಿನಲ್ಲಿ ಸೊನ್ನೆಯ ಹಳೆಯ ಹೆಸರಿನಿಂದ ‘ನಾಟೀಸ್’ ಎಂದರು. ಜರ್ಮನ್ನರೂ ಸೊನ್ನೆಯನ್ನೇ ಹಿಡಿದು ‘ನುಲರ್ ಯಾರೆ’ ಎಂದರು. ಎರಡು ಸಾವಿರದ ವರ್ಷಗಳು ಎಂಬ ಮಾತೂ ಉಂಟು. ಆದರೆ ಅದು ಹತ್ತು ವರ್ಷವೋ ನೂರು ವರ್ಷವೋ ಸಾವಿರ ವರ್ಷವೋ ಎಂದು ಕೇಳುವವನಿಗೆ ಸಂಶಯ ಬರಬಹುದು.

ಇನ್ನು ವಯಸ್ಸಿನ ಮಾತು. ‘ಆಕೆ ಮೂವತ್ತರ ಆರಂಭದಲ್ಲಿದ್ದಾಳೆ’ ಎಂಬರ್ಥದಲ್ಲಿ ಇಂಗ್ಲಿಷಿನವನು ‘ಇನ್ ಹರ್ ಅರ್ಲಿ ಥರ್ಟೀಸ್’ ಎಂದು ನಾಲ್ಕು ಪದಗಳನ್ನು ಖರ್ಚುಮಾಡುತ್ತಾನೆ. ಜರ್ಮನ್ನಿನವನು ‘ಆನ್‌ಫಾಂಗ್ ದ್ರೈಸಿಗ್’ ಎಂದು ಎರಡೇ ಪದಗಳಲ್ಲಿ ಮುಗಿಸುತ್ತಾನೆ. ಆನ್‌ಫಾಂಗ್ ಎಂದರೆ ಮೊದಲು, ಮಿಟ್ಟೆ ಎಂದರೆ ನಡು, ಎಂಡೆ ಎಂದರೆ ಕೊನೆ. ಈ ಮೂರರಲ್ಲಿ ಒಂದನ್ನು ಸಂಖ್ಯೆಯ ಹಿಂದೆ ಇಟ್ಟರೆ ಸಾಕು. ‘ಆಕೆಯ’ ಎಂಬ ಷಷ್ಠಿಯೂ ಬೇಡ, ಬಹುವಚನವೂ ಬೇಡ. ಇಂಗ್ಲಿಷಿನ ಜಾಡನ್ನು ಹಿಡಿದವರು ‘ಅವಳ ಬೇಗನೆಯ ಮೂವತ್ತುಗಳಲ್ಲಿ’ ಎಂಬಂತೆ ಪದಕ್ಕೆ ಪದವಿಟ್ಟು ಬರೆಯುತ್ತಾರೆ. ಅರ್ಥವಾಗುತ್ತದೆ, ಆದರೆ ಬರೆದವನ ಮನಸ್ಸು ಎಲ್ಲಿದೆಯೆಂಬುದೂ ಗೊತ್ತಾಗುತ್ತದೆ.

ಇಂಗ್ಲಿಷಿನಲ್ಲಿ ಯುಗದ ಮೂವತ್ತನ್ನೂ ವಯಸ್ಸಿನ ಮೂವತ್ತನ್ನೂ ಬೇರ್ಪಡಿಸುವುದು ಒಂದು ಸಣ್ಣ ಸರ್ವನಾಮ ಮಾತ್ರ. ‘ಇನ್ ದ ಥರ್ಟೀಸ್’ ಎಂದರೆ ಯುಗ. ‘ಇನ್ ಹಿಸ್ ಥರ್ಟೀಸ್’ ಎಂದರೆ ವಯಸ್ಸು. ಜರ್ಮನ್ನಿನಲ್ಲಿ ‘ಇನ್ ಡೆನ್ ದ್ರೈಸಿಗರ್ನ್’ ಎಂದಷ್ಟೇ ಬರೆದರೆ ಎರಡಕ್ಕೂ ಸಲ್ಲಬಹುದು. ಆದುದರಿಂದ ಯುಗವನ್ನು ಹೇಳುವಾಗ ‘ಯಾರೆ’ ಎಂಬುದನ್ನು ಸೇರಿಸುವುದೂ, ವಯಸ್ಸನ್ನು ಹೇಳುವಾಗ ಮೊದಲು, ನಡು, ಕೊನೆ ಎಂಬ ಪದಗಳನ್ನು ಬಳಸುವುದೂ ಕ್ಷೇಮ. ಉದಾಹರಣೆಗೆ ಸಂಗೀತರಚನಕಾರ ಶೂಬರ್ಟನು 1797 ರಲ್ಲಿ ಹುಟ್ಟಿ 1828 ರಲ್ಲಿ ತೀರಿಕೊಂಡನು. ಅವನು ತೀರಿಕೊಂಡದ್ದು ಇಪ್ಪತ್ತರ ದಶಕದಲ್ಲಿ, ಮೂವತ್ತು ದಾಟಿದ ವಯಸ್ಸಿನಲ್ಲಿ. ಕವಿ ಗ್ಯೋಟೆಯು 1832 ರಲ್ಲಿ ತೀರಿಕೊಂಡಾಗ ಎಂಬತ್ತೆರಡು ವರ್ಷದವನು. ಎಂದರೆ ಮೂವತ್ತರ ದಶಕದಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ. ಒಂದೇ ವಾಕ್ಯದಲ್ಲಿ ಈ ಎರಡು ಎಣಿಕೆಗಳೂ ಬಂದಾಗ ಅನುವಾದಕನು ಕಣ್ಣುಮುಚ್ಚಿ ಬರೆದರೆ ಗ್ಯೋಟೆಯು ಮೂವತ್ತರ ತರುಣನಾಗಿಯೇ ಹೋಗಿಬಿಟ್ಟಾನು.

ಉಷ್ಣತೆಯ ಸಂಗತಿ ಇನ್ನೂ ವಿನೋದವಾಗಿದೆ. ಅಮೆರಿಕದವನು ತನ್ನ ಊರಿನಲ್ಲಿ ಬೇಸಗೆಯ ದಿನ ‘ಇನ್ ದ ಎಯ್ಟೀಸ್’ ಇರುತ್ತದೆಂದು ಸ್ನೇಹಿತನಿಗೆ ಬರೆಯುತ್ತಾನೆ. ಅವನ ಎಣಿಕೆ ಫ್ಯಾರನ್‌ಹೀಟ್ ಮಾನದ್ದು. ಜರ್ಮನಿಯವರದು ಸೆಲ್ಸಿಯಸ್ ಮಾನ. ಸಂಖ್ಯೆಯನ್ನು ಹಾಗೆಯೇ ಇಳಿಸಿದರೆ ಊರಿಗೆ ಊರೇ ಬೆಂದುಹೋಗಬೇಕು. ಆ ಎಂಬತ್ತರಿಂದ ಎಂಬತ್ತೊಂಬತ್ತು ಎಂಬುದು ಸುಮಾರು 27 ರಿಂದ 32 ಡಿಗ್ರಿ ಸೆಲ್ಸಿಯಸ್. ಆದುದರಿಂದ ‘ಸುಮಾರು ಮೂವತ್ತು ಡಿಗ್ರಿ’ ಎಂದು ಬರೆಯುವುದೇ ಸರಿಯಾದ ಅನುವಾದ. ಸಂಖ್ಯೆ ಬದಲಾದರೂ ಸತ್ಯ ಉಳಿಯಿತು.

ಈಗ ‘ಡೆಕೇಡ್’ ಎಂಬ ಪದವನ್ನೇ ನೋಡೋಣ. ಗ್ರೀಕಿನಲ್ಲಿ ಇದರ ಮೂಲಾರ್ಥ ಹತ್ತರ ಗುಂಪು ಎಂದಷ್ಟೇ. ಅದರಲ್ಲಿ ವರ್ಷದ ಸುಳಿವಿಲ್ಲ. ನಮ್ಮ ದಶಕ ಶಬ್ದವೂ ಹಾಗೆಯೇ. ಮೇಲ್ಪತ್ತೂರು ನಾರಾಯಣ ಭಟ್ಟತಿರಿಯ ನಾರಾಯಣೀಯದಲ್ಲಿ ನೂರು ದಶಕಗಳಿವೆಯೆಂದರೆ ಸಾವಿರ ವರ್ಷಗಳಿವೆಯೆಂದು ಯಾರೂ ತಿಳಿಯುವುದಿಲ್ಲ. ಅವು ಶ್ಲೋಕಗಳ ಗುಂಪುಗಳು. ಜರ್ಮನ್ನರು ವರ್ಷದ ದಶಕಕ್ಕೆ ತಮ್ಮದೇ ಪದವನ್ನು ಕಟ್ಟಿಕೊಂಡಿದ್ದಾರೆ: ‘ಯಾರ್‌ತ್ಸೇನ್ಟ್’. ಯಾರ್ ಎಂದರೆ ವರ್ಷ, ತ್ಸೇನ್ ಎಂದರೆ ಹತ್ತು. ಗ್ರೀಕಿನಿಂದ ಬಂದ ‘ಡೆಕಾಡೆ’ ಎಂಬುದೂ ಅಲ್ಲಿ ಬಳಕೆಯಲ್ಲಿದೆ. ಆದರೆ ಅದು ಹತ್ತು ವರ್ಷಕ್ಕೂ ಆಗಬಹುದು, ಹತ್ತು ದಿನಕ್ಕೂ ಆಗಬಹುದು. ಫ್ರಾನ್ಸಿನ ಮಹಾಕ್ರಾಂತಿಯವರು 1793 ರಲ್ಲಿ ಹೊಸ ಪಂಚಾಂಗವನ್ನು ಮಾಡಿ ಏಳು ದಿನದ ವಾರವನ್ನು ತೆಗೆದು ಹತ್ತು ದಿನದ ಒಂದು ಗುಂಪನ್ನು ಏರ್ಪಡಿಸಿದರು. ಅದಕ್ಕೂ ದಶಕವೆಂಬರ್ಥದ ಹೆಸರೇ. ಕ್ಯಾಥೊಲಿಕ್ ಕ್ರೈಸ್ತರ ಜಪಮಾಲೆಯಲ್ಲಿ ಹತ್ತು ಮಣಿಗಳ ಒಂದೊಂದು ಭಾಗವನ್ನು ಇಂಗ್ಲಿಷಿನಲ್ಲಿ ಡೆಕೇಡ್ ಎನ್ನುತ್ತಾರೆ. ಜರ್ಮನ್ನಿನಲ್ಲಿ ಅದಕ್ಕೆ ‘ಗೆಜೆಟ್ಸ್’ ಎಂಬ ಬೇರೆಯೇ ಪದ. ‘ಅಜ್ಜಿಯು ಮಲಗುವ ಮೊದಲು ಒಂದು ಡೆಕೇಡ್ ಜಪಿಸುತ್ತಿದ್ದಳು’ ಎಂಬ ವಾಕ್ಯವನ್ನು ನಿಘಂಟಿನ ಮೊದಲನೆಯ ಅರ್ಥವನ್ನು ಹಿಡಿದು ಅನುವಾದಿಸಿದರೆ ಆ ತಪಸ್ವಿನಿಯು ಹತ್ತು ವರ್ಷ ನಿದ್ರೆಯಿಲ್ಲದೆ ಕುಳಿತಂತಾಗುತ್ತದೆ!

ಹತ್ತು ವರ್ಷ ನಡೆದದ್ದು ಬೇರೆ, ಹತ್ತು ವರ್ಷಕ್ಕೊಮ್ಮೆ ನಡೆಯುವುದು ಬೇರೆ. ನಮ್ಮ ‘ದಶವಾರ್ಷಿಕ’ ಎಂಬ ಪದವನ್ನು ಎರಡಕ್ಕೂ ಬಳಸಿಬಿಡುತ್ತೇವೆ. ಜರ್ಮನ್ನರು ಪ್ರತ್ಯಯದಿಂದಲೇ ಇವನ್ನು ಬೇರ್ಪಡಿಸುತ್ತಾರೆ. ‘ತ್ಸೇನ್‌ಯೇರಿಗ್’ ಎಂದರೆ ಹತ್ತು ವರ್ಷದ ಅವಧಿಯುಳ್ಳದ್ದು. ‘ತ್ಸೇನ್‌ಯೇರ್ಲಿಖ್’ ಎಂದರೆ ಹತ್ತು ವರ್ಷಕ್ಕೊಮ್ಮೆ ಬರುವಂಥದು. ಯುದ್ಧವೊಂದಕ್ಕೆ ಮೊದಲನೆಯದು ಸಲ್ಲುತ್ತದೆ, ಜನಗಣತಿಗೆ ಎರಡನೆಯದು. ಇವುಗಳನ್ನು ಅದಲುಬದಲು ಮಾಡಿದರೆ ಹತ್ತು ವರ್ಷ ಎಡೆಬಿಡದೆ ಜನರನ್ನು ಎಣಿಸಿದಂತಾದೀತು.

‘ದಶಕಗಳಿಂದ’ ಎಂಬ ಮಾತಿನಲ್ಲಿ ನಮ್ಮವರಿಗೆ ಒಂದು ಅನುಕೂಲವಿದೆ. ‘ನಾವು ದಶಕಗಳಿಂದ ಈ ಊರಿನಲ್ಲಿ ವಾಸಿಸುತ್ತಿದ್ದೇವೆ’ ಎಂದು ನಾವು ವರ್ತಮಾನಕಾಲದಲ್ಲಿಯೇ ಹೇಳುತ್ತೇವೆ. ಇಂಗ್ಲಿಷಿನವನು ಇಲ್ಲಿ ‘ಹ್ಯಾವ್ ಲಿವ್ಡ್’ ಎಂದು ಕ್ರಿಯೆ ಮುಗಿದಿರುವಂತೆ ಕಾಣುವ ರೂಪವನ್ನು ಬಳಸುತ್ತಾನೆ. ಜರ್ಮನ್ನಿನವನು ನಮ್ಮಂತೆಯೇ, ಪಂಚಮಿಯ ಅರ್ಥದ ‘ಜೈಟ್’ ಎಂಬುದನ್ನಿಟ್ಟು, ಕ್ರಿಯಾಪದವನ್ನು ವರ್ತಮಾನದಲ್ಲಿಯೇ ಇಡುತ್ತಾನೆ. ವಾಸವು ಮುಗಿದುಹೋಗಿದ್ದರೆ ಮಾತ್ರ ‘ದಶಕಗಳ ಕಾಲ’ ಎಂಬರ್ಥದ ‘ಯಾರ್‌ತ್ಸೇನ್ಟೆಲಾಂಗ್’ ಎಂಬ ಪದವನ್ನಿಟ್ಟು ಭೂತಕಾಲವನ್ನು ಬಳಸುತ್ತಾನೆ. ಕನ್ನಡದ ವಿದ್ಯಾರ್ಥಿಯು ಈ ಒಂದು ಸಂದರ್ಭದಲ್ಲಾದರೂ ಇಂಗ್ಲಿಷನ್ನು ಬದಿಗಿಟ್ಟು ತನ್ನ ತಾಯ್ನುಡಿಯಿಂದ ನೇರವಾಗಿ ಜರ್ಮನ್ನಿಗೆ ಹೋದರೆ ತಪ್ಪುವುದಿಲ್ಲ.

ಇದುವರೆಗೆ ಹೇಳಿದ್ದು ವ್ಯಾಕರಣ. ಇನ್ನು ಮುಂದಿನದು ವ್ಯಾಕರಣಕ್ಕೆ ಸಿಕ್ಕದ ಸಂಗತಿ. ದಶಕಗಳಿಗೆ ಜನರು ಅಡ್ಡಹೆಸರುಗಳನ್ನಿಡುತ್ತಾರೆ. ಆ ಹೆಸರಿನಲ್ಲಿ ಒಂದು ಜನಾಂಗದ ಸುಖದುಃಖಗಳು ಅಡಗಿರುತ್ತವೆ.

ಅಮೆರಿಕದವರು 1920 ರಿಂದೀಚಿನ ಹತ್ತು ವರ್ಷಗಳನ್ನು ‘ರೋರಿಂಗ್ ಟ್ವೆಂಟೀಸ್’ ಎನ್ನುತ್ತಾರೆ. ಮೊದಲನೆಯ ಮಹಾಯುದ್ಧ ಮುಗಿದಿತ್ತು. ಮೋಟಾರುಗಾಡಿ, ರೇಡಿಯೋ, ಜಾಜ್ ಸಂಗೀತ ಎಲ್ಲವೂ ಒಮ್ಮೆಗೇ ಬಂದಿದ್ದವು. 1929 ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯುವ ವರೆಗೂ ಆ ಗದ್ದಲ ನಡೆಯಿತು. ಜರ್ಮನ್ನಿನಲ್ಲಿ ಇದಕ್ಕೆ ಸಿದ್ಧವಾಗಿರುವಂತೆ ತೋರುವ ಮಾತು ‘ಗೋಲ್ಡನೆ ತ್ಸ್ವಾನ್ತ್ಸಿಗರ್’, ಸುವರ್ಣದ ಇಪ್ಪತ್ತುಗಳು. ಆದರೆ ಅದು ಜರ್ಮನಿಯ ಕಥೆ. ಆ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ಸುವರ್ಣವಿರಲಿಲ್ಲ, ಕಾಗದವಿತ್ತು. 1923 ರ ನವೆಂಬರಿನಲ್ಲಿ ಒಂದು ಅಮೆರಿಕನ್ ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕುಗಳಾಗಿದ್ದವು. ಜೀವಮಾನವೆಲ್ಲ ಕೂಡಿಟ್ಟ ಗೃಹಸ್ಥರ ಉಳಿತಾಯವು ಒಂದು ರೊಟ್ಟಿಯ ಬೆಲೆಗೂ ಸಾಲದಾಯಿತು. ಆ ತಿಂಗಳು ಹೊಸ ನಾಣ್ಯವನ್ನು ತಂದಮೇಲೆ, 1924 ರಿಂದ 1929 ರ ವರೆಗಿನ ಕೆಲವೇ ವರ್ಷಗಳಿಗೆ ಆ ಸುವರ್ಣದ ಹೆಸರು ಸಲ್ಲುತ್ತದೆ. ಅಮೆರಿಕದ ಕಥೆಯಲ್ಲಿ ಈ ಜರ್ಮನ್ ಹೆಸರನ್ನಿಟ್ಟರೆ ಓದುಗನು ನ್ಯೂಯಾರ್ಕಿನಲ್ಲಿ ಕುಳಿತು ಬರ್ಲಿನ್ನನ್ನು ನೆನೆಯುತ್ತಾನೆ. ಆದುದರಿಂದ ಬಲ್ಲವರು ಅಲ್ಲಿ ಇಂಗ್ಲಿಷ್ ಹೆಸರನ್ನೇ ಉಳಿಸುತ್ತಾರೆ.

ಇಂಗ್ಲೆಂಡಿನವರು 1840 ರಿಂದೀಚಿನ ಕಾಲವನ್ನು ‘ಹಸಿದ ನಲವತ್ತುಗಳು’ ಎನ್ನುತ್ತಾರೆ. ಧಾನ್ಯದ ತುಟ್ಟಿಯೂ ಐರ್ಲೆಂಡಿನ ಕ್ಷಾಮವೂ ಅದರಲ್ಲಿ ಸೇರಿವೆ. ಜರ್ಮನಿಯಲ್ಲಿಯೂ ಆಗ ಹಸಿವಿತ್ತು. 1844 ರಲ್ಲಿ ಸೈಲೀಸಿಯದ ನೇಕಾರರು ದಂಗೆಯೆದ್ದರು. ಆದರೆ ಜರ್ಮನ್ನರು ಆ ಕಾಲವನ್ನು ನೆನೆಯುವುದು 1848 ರ ಮಾರ್ಚಿಯ ಕ್ರಾಂತಿಯ ಮೂಲಕ. ‘ಮಾರ್ಚಿಗೆ ಮುಂಚಿನ ಕಾಲ’ ಎಂಬುದೇ ಅವರಿಟ್ಟ ಹೆಸರು. ಹಾಗೆಯೇ ಇಂಗ್ಲಿಷಿನವರು ‘ಅರವತ್ತರ ದಶಕದ ಪೀಳಿಗೆ’ ಎನ್ನುವಲ್ಲಿ, ಜರ್ಮನ್ನರು 1968 ರ ವಿದ್ಯಾರ್ಥಿ ಚಳವಳಿಯನ್ನು ನೆನೆದು ‘ಅರವತ್ತೆಂಟರವರು’ ಎಂದು ಒಂದೇ ವರ್ಷದ ಹೆಸರಿನಿಂದ ಆ ಪೀಳಿಗೆಯನ್ನು ಕರೆಯುತ್ತಾರೆ. ಹಸಿವು ಒಂದೇ, ಯೌವನ ಒಂದೇ. ನೆನಪಿನ ಗುರುತು ಬೇರೆ.

ಎಲ್ಲಕ್ಕಿಂತ ಭಾರವಾದ ಮಾತು ‘ಮೂವತ್ತರ ದಶಕ’. ಅಮೆರಿಕದವನಿಗೆ ಅದು ನಿರುದ್ಯೋಗದ ಮತ್ತು ಧೂಳಿನ ಬಿರುಗಾಳಿಯ ಕಾಲ. ಜರ್ಮನಿಯವನಿಗೆ ಆ ದಶಕವು ನಡುವೆ ಸೀಳಿಹೋಗಿದೆ: 1933 ರ ಜನವರಿ 30 ರಂದು ಹಿಟ್ಲರನು ಅಧಿಕಾರಕ್ಕೆ ಬಂದನು. ಅದಕ್ಕೆ ಮುಂಚಿನ ಮೂವತ್ತೂ ಅನಂತರದ ಮೂವತ್ತೂ ಒಂದೇ ದಶಕವಲ್ಲ. 1949 ರ ಜರ್ಮನ್ ಸಂವಿಧಾನದ 116 ನೆಯ ವಿಧಿಯು, ಆ ದಿನದಿಂದ 1945 ರ ಮೇ 8 ರ ವರೆಗೆ ರಾಜಕೀಯ, ಜನಾಂಗ ಅಥವಾ ಮತದ ಕಾರಣದಿಂದ ಪೌರತ್ವವನ್ನು ಕಳೆದುಕೊಂಡವರಿಗೂ ಅವರ ಸಂತಾನಕ್ಕೂ ಅದನ್ನು ಮರಳಿ ಕೇಳುವ ಹಕ್ಕನ್ನು ಕೊಟ್ಟಿದೆ. ಇಂಗ್ಲೆಂಡಿನಲ್ಲಿಯೋ ಅಮೆರಿಕದಲ್ಲಿಯೋ ಹುಟ್ಟಿದ ಮೊಮ್ಮಗಳೊಬ್ಬಳು ತನ್ನ ತಾತನ ವಿಚಾರವಾಗಿ ಮನೆಯಲ್ಲಿರುವ ಇಂಗ್ಲಿಷ್ ಕಾಗದಗಳನ್ನು ಜರ್ಮನ್ನಿಗೆ ಮಾಡಿಸಿ ಕಳುಹಿಸುತ್ತಾಳೆಂದು ಭಾವಿಸಿರಿ. ಅದರಲ್ಲಿ ‘ತಾತನು ತನ್ನ ಮೂವತ್ತುಗಳಲ್ಲಿ ಬರ್ಲಿನ್ ಬಿಟ್ಟನು’ ಎಂದಿದೆ. ತಾತನು 1890 ರಲ್ಲಿ ಹುಟ್ಟಿದವನಾದರೆ ಅವನ ಮೂವತ್ತುಗಳು 1920 ರಿಂದೀಚಿನವು. ಅವನು ಕೆಲಸ ಹುಡುಕಿಕೊಂಡು ಹೋದವನಿರಬಹುದು. ‘ಮೂವತ್ತರ ದಶಕದಲ್ಲಿ ಬಿಟ್ಟನು’ ಎಂದಿದ್ದರೆ ಅವನು ಜೀವ ಉಳಿಸಿಕೊಳ್ಳಲು ಓಡಿದವನಿರಬಹುದು. ಅರ್ಜಿಯನ್ನು ನೋಡುವ ಅಧಿಕಾರಿಗೆ ಈ ಎರಡು ಪ್ರಯಾಣಗಳು ಒಂದೇ ಅಲ್ಲ. ಒಂದು ಸರ್ವನಾಮವನ್ನು ಅಲಕ್ಷ್ಯಮಾಡಿದ ಅನುವಾದಕನು ಒಬ್ಬ ಸತ್ತ ಮನುಷ್ಯನ ಕಷ್ಟವನ್ನು ಅಳಿಸಿಬಿಡಬಲ್ಲನು, ಇಲ್ಲವೆ ಪಡದ ಕಷ್ಟವನ್ನು ಅವನ ಹೆಸರಿಗೆ ಬರೆಯಬಲ್ಲನು.

ಆದುದರಿಂದ ಇಂಥ ಮಾತು ಎದುರಾದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದು ಯುಗವೋ, ವಯಸ್ಸೋ, ಬರಿಯ ಅಳತೆಯೋ? ಯುಗವಾದರೆ ಯಾವ ಶತಮಾನದ್ದು? ಹೆಸರಿಟ್ಟ ದಶಕವಾದರೆ ಅದು ಯಾರ ನೆನಪಿನದು? ಮೂರಕ್ಕೂ ಉತ್ತರ ದೊರೆತಮೇಲೆಯೇ ಲೇಖನಿಯನ್ನು ಕೈಗೆ ತೆಗೆದುಕೊಳ್ಳುವುದು ಒಳ್ಳೆಯದು. ಮೂಲದಲ್ಲಿಯೇ ಸಂದೇಹವಿದ್ದರೆ ಊಹಿಸಿ ಬರೆಯದೆ, ಬರೆದವರನ್ನು ಕೇಳಿ ಇಸವಿಯನ್ನೇ ಹಾಕುವುದು ಇನ್ನೂ ಒಳ್ಳೆಯದು.

ಕೊನೆಗೆ, ಜರ್ಮನ್ ಕಲಿಯುತ್ತಿರುವ ಮಕ್ಕಳಿಗೆ ಒಂದು ಅಭ್ಯಾಸ. ನಮ್ಮ ನುಡಿಗೆ ದೊಡ್ಡ ನಿಘಂಟನ್ನು ಕೊಟ್ಟ ಫರ್ಡಿನಂಡ್ ಕಿಟ್ಟೆಲರು ಹುಟ್ಟಿದ್ದು ಜರ್ಮನಿಯಲ್ಲಿ, 1832 ರಲ್ಲಿ. ಬಾಸೆಲ್ ಮಿಷನ್ನಿನ ಕೆಲಸಕ್ಕಾಗಿ ಭಾರತಕ್ಕೆ ಬಂದದ್ದು 1853 ರಲ್ಲಿ. ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894 ರಲ್ಲಿ. ಟ್ಯೂಬಿಂಗೆನ್ನಿನಲ್ಲಿ ಅವರು ತೀರಿಕೊಂಡದ್ದು 1903 ರಲ್ಲಿ. ಬಂದಾಗ, ನಿಘಂಟು ಹೊರಬಂದಾಗ, ತೀರಿಕೊಂಡಾಗ ಅವರ ವಯಸ್ಸು ಯಾವ ಹತ್ತರಲ್ಲಿತ್ತು, ಕಾಲವು ಯಾವ ಹತ್ತರಲ್ಲಿತ್ತು ಎಂಬುದನ್ನು ಇಸವಿಯನ್ನು ಹೇಳದೆ ಜರ್ಮನ್ನಿನಲ್ಲಿ ಮೂರು ವಾಕ್ಯಗಳಾಗಿ ಬರೆಯಿರಿ. ಮೊದಲನೆಯದಕ್ಕೆ ಮಾತ್ರ ಸುಳಿವು ಕೊಡುತ್ತೇನೆ: ವಯಸ್ಸು ‘ಆನ್‌ಫಾಂಗ್ ತ್ಸ್ವಾನ್ತ್ಸಿಗ್’, ಕಾಲವು ಐವತ್ತರ ವರ್ಷಗಳು. ಉಳಿದೆರಡನ್ನು ಹಿರಿಯರು ಪಕ್ಕದಲ್ಲಿ ಕುಳಿತು ಮಕ್ಕಳಿಂದ ಮಾಡಿಸಲಿ. ಹಿರಿಯರಿಗೆ ಜರ್ಮನ್ ಬರಬೇಕಾಗಿಲ್ಲ. ಲೆಕ್ಕ ಸರಿಯಾಗಿದೆಯೇ ಎಂದು ನೋಡಿದರೆ ಸಾಕು.